ಅಕ್ಕುವಿನ ಸಹಿ

ಮಲಾಡ್ ಸ್ಟೇಶನ್ನಿನಿಂದ ಐದು ನಿಮಿಷ ನಡೆದರೆ ಸಿಗುವ ಧರ್ಮಣ್ಣನ ಬಾರಿನೊಳಗೆ ಅಕ್ಕು ಒಮ್ಮೆಯೂ ಕಾಲಿಟ್ಟವಳಲ್ಲ. ಆದರೆ ಕ್ಯಾಶ್ ಕೌಂಟರಿನ ಮೇಲೆ, ಗಣಪತಿ ಪಟದ ಪಕ್ಕದಲ್ಲಿ ಗಾಜಿನ ಚೌಕಟ್ಟು ಹಾಕಿಸಿ ತೂಗುಹಾಕಿದ ಮದ್ಯದ ಲೈಸನ್ಸ್ ಇದ್ದದ್ದು ಅವಳ ಹೆಸರಿನಲ್ಲೇ. ಕುಡಿಯಲು ಬಂದವರಲ್ಲಿ ಯಾರಾದರೂ ತಲೆಯೆತ್ತಿ ಅದನ್ನು ಓದಿದ್ದರೆ, ಈ ಅಕ್ಕು ಯಾರು, ಎಲ್ಲಿ ಕೂತು ಇಷ್ಟು ಬಾಟಲಿ ಮಾರುತ್ತಾಳೆ ಎಂದು ಬೆರಗಾಗುತ್ತಿದ್ದರೋ ಏನೋ. ಎಪ್ಪತ್ತೆರಡು ವರ್ಷದ ಅಕ್ಕು ಆ ಹೊತ್ತಿಗೆ ಎರಡು ಗಲ್ಲಿ ಆಚೆ, ಮೂರನೆಯ ಮಾಳಿಗೆಯ ಫ್ಲ್ಯಾಟಿನಲ್ಲಿ, ಮಣೆಯ ಮೇಲೆ ಕೂತು ತೆಂಗಿನಕಾಯಿ ತುರಿಯುತ್ತಿದ್ದಳು.

ತೊಂಬತ್ತೊಂದನೇ ಇಸವಿಯಲ್ಲಿ ಲೈಸನ್ಸಿಗೆ ಅರ್ಜಿ ಹಾಕುವಾಗ ಧರ್ಮಣ್ಣನ ತಾಯಿ ಊರಿನಿಂದ ಬಂದಿದ್ದಳು. "ಮನೆಯ ಹೆಣ್ಣಿನ ಹೆಸರಲ್ಲಿ ಮಾಡು" ಎಂದು ಅಪ್ಪಣೆ ಕೊಟ್ಟವಳು ಅವಳೇ. ಅಳಿಯಕಟ್ಟಿನ ಮನೆತನ ಅದು. ಅಲ್ಲಿ ಮನೆ, ಗದ್ದೆ ಎಲ್ಲ ತಾಯಿಯಿಂದ ಮಗಳಿಗೆ ಇಳಿಯುತ್ತವೆ, ಗಂಡಸು ದುಡಿಯುವುದು ಅಕ್ಕತಂಗಿಯರ ಮಕ್ಕಳಿಗಾಗಿ. ಹಾಗಾಗಿ ಮನೆಯ ಹೆಣ್ಣು ಎಂದರೆ ಹೆಂಡತಿಯಲ್ಲ, ಅಕ್ಕ. ಧರ್ಮಣ್ಣನನ್ನು ಮದುವೆಯಾಗಿ ಎರಡು ವರ್ಷವಾಗಿದ್ದ ವಿನೋದಿನಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಂಡಳು. ಅವಳ ಅಭಿಪ್ರಾಯ ಯಾರಿಗೂ ಬೇಕಿರಲಿಲ್ಲ. ಅಂದಿನ ಆ ಮಾತನ್ನು ಅವಳು ಇನ್ನೂ ಮರೆತಿರಲಿಲ್ಲ.

ವಿಧವೆ ಅಕ್ಕು ಹತ್ತು ವರ್ಷದ ಮಗ ಅಂಗಾರನನ್ನು ಕಟ್ಟಿಕೊಂಡು ತಮ್ಮನ ಮನೆಗೆ ಬಂದು ಆಗ ಒಂದು ವರ್ಷವಾಗಿತ್ತು. ಅಂದಿನಿಂದ ಪ್ರತಿ ಫೆಬ್ರವರಿಯಲ್ಲಿ ನವೀಕರಣದ ಕಾಗದ ಬರುತ್ತಿತ್ತು. ಧರ್ಮಣ್ಣ ಅದನ್ನು ದೇವರ ಮುಂದಿಟ್ಟು, ಅಕ್ಕನಿಗೆ ಒಂದು ಹೊಸ ಸೀರೆ ಕೊಟ್ಟು ಕಾಲಿಗೆ ಬೀಳುತ್ತಿದ್ದ. ಅಕ್ಕು ಕನ್ನಡಕ ಏರಿಸಿ ಮೂರು ಕಡೆ ಗುಂಡಗುಂಡಗೆ ಕನ್ನಡದಲ್ಲಿ ಸಹಿ ಹಾಕುತ್ತಿದ್ದಳು. ಹಾಕುವಾಗ ನಾಲಿಗೆಯ ತುದಿ ಹೊರಗೆ ಬರುತ್ತಿತ್ತು, ಮಕ್ಕಳು ನಗುತ್ತಿದ್ದರು. ಆಮೇಲೆ ಮನೆಯಲ್ಲಿ ಕೋರಿ ರೊಟ್ಟಿ.

ಈ ಫೆಬ್ರವರಿಯಲ್ಲಿ ಮನೆಗೆ ಕೋಳಿ ಬರಲಿಲ್ಲ. ಅಂಗಾರ ಸತ್ತು ಇನ್ನೂ ವರ್ಷವಾಗಿರಲಿಲ್ಲ. ಆದರೂ ಧರ್ಮಣ್ಣ ಕಾಗದ ತಂದ, ಸೀರೆ ತಂದ. ಮಧ್ಯಾಹ್ನದ ಊಟದ ಹೊತ್ತಿಗೆ ಎರಡನ್ನೂ ಅಕ್ಕನ ಮುಂದಿಟ್ಟ.

"ಸೀರೆ ವಿನೋದಿನಿಗೆ ಕೊಡು," ಎಂದಳು ಅಕ್ಕು. "ನಾನು ಇನ್ನು ಸಹಿ ಹಾಕುದಿಲ್ಲ ಧರ್ಮ."

"ಎಂತಕ್ಕ, ಮೈ ಹುಷಾರಿಲ್ವಾ? ಹಾಗಾದ್ರೆ ನಾಳೆ ಹಾಕು."

"ನಾಳೆಯೂ ಇಲ್ಲ."

ಧರ್ಮಣ್ಣನ ಮಗ ಸುಕೇಶ್ ಊಟದ ತಟ್ಟೆಯಿಂದ ತಲೆಯೆತ್ತಿದ. ಈಚಿನ ಐದಾರು ವರ್ಷಗಳಿಂದ ಬಾರ್ ನೋಡಿಕೊಳ್ಳುತ್ತಿದ್ದವನು ಅವನೇ. "ಅತ್ತೆ, ಮಸ್ಕಿರಿ ಮಾಡ್ಬೇಡಿ. ಮಾರ್ಚ್ ಮೂವತ್ತೊಂದು ದಾಟಿದ್ರೆ ಎಕ್ಸೈಸ್‌ನವರು ಬಂದು ಶಟರ್ ಎಳೀತಾರೆ."

"ಎಳೀಲಿ."

"ಇಪ್ಪತ್ತೆರಡು ಜನ ಕೆಲಸಕ್ಕೆ ಇದ್ದಾರೆ!"

"ಇಪ್ಪತ್ತಮೂರು ಇದ್ರು," ಎಂದಳು ಅಕ್ಕು.

ಅಂಗಾರ ಇದ್ದದ್ದು ಅದೇ ಕೌಂಟರಿನಲ್ಲಿ. ಹತ್ತೊಂಬತ್ತನೆಯ ವಯಸ್ಸಿಗೆ ಅಲ್ಲಿ ಕೂತವನು ಮದುವೆಯಾಗಲಿಲ್ಲ, ಬೇರೆ ಕಡೆಗೆ ಹೋಗಲಿಲ್ಲ. ಮೊದಮೊದಲು ಮುಚ್ಚುವ ಹೊತ್ತಿಗೆ ಒಂದು ಪೆಗ್. ಆಮೇಲೆ ತೆರೆಯುವ ಹೊತ್ತಿಗೆ ಒಂದು. ಧರ್ಮಣ್ಣನಿಗೆ ಇದು ಗೊತ್ತಿತ್ತು. ಹೊರಗೆಲ್ಲೋ ಕುಡಿದು ಗಟಾರಕ್ಕೆ ಬೀಳುವುದಕ್ಕಿಂತ ಕಣ್ಣೆದುರಿಗೆ ಕುಡಿಯಲಿ, ಕೌಂಟರಿನಲ್ಲಿ ಕೈ ಶುದ್ಧ ಇರುವ ಅಳಿಯ ಇನ್ನೊಬ್ಬ ಎಲ್ಲಿ ಸಿಗುತ್ತಾನೆ ಎಂದು ಸುಮ್ಮನಿದ್ದ. ಕಡೆಯ ವರ್ಷ ಅಂಗಾರನ ಕಣ್ಣು ಅರಸಿನವಾಯಿತು, ಹೊಟ್ಟೆ ಉಬ್ಬಿತು. ನವರಾತ್ರಿ ಮುಗಿದು ಐದನೆಯ ದಿನ ಸರಕಾರಿ ಆಸ್ಪತ್ರೆಯಲ್ಲಿ ಸತ್ತ. ನಲವತ್ತನಾಲ್ಕು ವರ್ಷದ ಗಂಡಾಳು ಕೊನೆಗೆ ಮೂವತ್ತೆಂಟು ಕಿಲೋ ಇದ್ದ.

ಅಕ್ಕು ಸಹಿ ಒಲ್ಲೆನೆಂದ ಆ ಮಧ್ಯಾಹ್ನದ ನಂತರ ಮನೆಯಲ್ಲಿ ಊಟವೆಂದರೆ ಜಗಳ. ಧರ್ಮಣ್ಣ ಬೇಡಿಕೊಂಡ, ಅತ್ತ, ಎರಡು ದಿನ ಮಾತು ಬಿಟ್ಟ. ಸುಕೇಶ್ ತಟ್ಟೆ ತಳ್ಳಿ ಎದ್ದುಹೋದ. ಅಕ್ಕು ಮಾತ್ರ ಬೆಳಗ್ಗೆ ಐದಕ್ಕೆ ಎದ್ದು ನೀರು ಹಿಡಿದು, ಅಕ್ಕಿ ನೆನೆಹಾಕಿ, ಎಂದಿನಂತೆ ಕೆಲಸ ಮಾಡಿಕೊಂಡಿದ್ದಳು. ಮೀನು ತಿನ್ನುವುದನ್ನು ಬಿಟ್ಟಿದ್ದಳು, ಆದರೆ ಬಂಗುಡೆ ಬಂದರೆ ಬೇರೆಯವರಿಗಾಗಿ ತಾನೇ ಮಸಾಲೆ ಅರೆದುಕೊಡುತ್ತಿದ್ದಳು. ಸಿಟ್ಟು ಮಾಡುವವರಿಗೆ ಸಿಟ್ಟು ಮಾಡಲೂ ಜಾಗ ಸಿಗದ ಹಾಗೆ ಇದ್ದಳು ಅವಳು.

ಒಂದು ದಿನ ಇಬ್ಬರೇ ಇದ್ದಾಗ ವಿನೋದಿನಿ ಕೇಳಿದಳು. "ಅತ್ತಿಗೆ, ಸಹಿ ಹಾಕದಿದ್ರೆ ಅಂಗಾರ ವಾಪಸ್ ಬರ್ತಾನಾ?"

"ಇಲ್ಲ."

"ಮತ್ತೆ ಎಂತ ಲಾಭ? ಈ ಮನೆ, ಈ ಅನ್ನ, ನಮ್ಮ ಹುಡುಗಿ ಶ್ರಾವ್ಯನಿಗೆ ಮುಂದೆ ಮಾಡುವ ಮದುವೆ, ಎಲ್ಲ ಅಲ್ಲಿಂದಲೇ ಅಲ್ವಾ ಬರುದು?"

ಅಕ್ಕು ಹೀರೆಕಾಯಿಯ ಸಿಪ್ಪೆ ತೆಗೆಯುವುದನ್ನು ನಿಲ್ಲಿಸಿದಳು. "ನೀನು ಅವನ ಅಂಗಿ ಬೇರೆಯಾಗಿ ಒಗೀತಿದ್ದೆ. ನನಗೆ ಕುಡಿದ ವಾಸನೆ ಬರ್ಬಾರ್ದು ಅಂತ. ನನಗೆ ಗೊತ್ತಿತ್ತು ವಿನೋದ. ಗೊತ್ತಿದ್ದೂ ವರ್ಷ ವರ್ಷ ಹೊಸ ಸೀರೆ ಉಟ್ಟು ಸಹಿ ಹಾಕಿದೆ. ಅವನ ಬಾಟಲಿಗೆ ನಾನೇ ಸಹಿ ಹಾಕಿದ್ದು. ಈಗಲೂ ಹಾಕಿದ್ರೆ ನಾನು ಮನುಷ್ಯಳಾ?" ಮತ್ತೆ ಕತ್ತಿಯೆತ್ತಿದಳು. "ಊಟದ ಹೋಟೆಲ್ ಮಾಡ್ಲಿ. ಅದಕ್ಕೆ ಎಷ್ಟು ಸಹಿ ಬೇಕೋ ಅಷ್ಟು ಹಾಕ್ತೇನೆ. ನೀನು ಧರ್ಮನಿಗೆ ಹೇಳು."

ವಿನೋದಿನಿ ಹೇಳಿದಳು. ಧರ್ಮಣ್ಣ ಸೊಂಟದ ಪಟ್ಟಿ ಬಿಚ್ಚುತ್ತಾ ನಕ್ಕ, ನಗು ಅರ್ಧಕ್ಕೇ ನಿಂತಿತು. "ಇಡ್ಲಿ ಮಾರಿ ಆ ಜಾಗದ ಬಾಡಿಗೆ ಕಟ್ಲಿಕ್ಕೆ ಆಗ್ತದಾ? ನಮ್ಮದು ಉಡುಪಿ ಹೋಟೆಲ್ ಅಂತ ಮಾಟುಂಗದ ಹಾಗೆ ಸಾಲು ನಿಲ್ತಾರಾ ಇಲ್ಲಿ? ಆರು ತಿಂಗಳಲ್ಲಿ ಮುಚ್ಚಿ ಊರಿಗೆ ಹೋಗ್ಬೇಕು."

"ಹಾಗಾದ್ರೆ ಸಹಿ ನೀವೇ ಹಾಕಿ. ಆ ಗುಂಡು ಅಕ್ಷರ ಯಾರಿಗೆ ಬರುದಿಲ್ಲ?"

"ಹಾಕ್ತಿದ್ದೆ. ನಕಲಿ ಹಾಕಿದ್ರೆ ಎಕ್ಸೈಸ್ ಆಫೀಸಿಗೆ ಹೋಗಿ ಹೇಳ್ತೇನೆ ಅಂದಿದ್ದಾಳೆ. ಹೇಳ್ತಾಳೆ ಅವಳು."

ಮಾರ್ಚ್ ಮೊದಲ ವಾರ ಧರ್ಮಣ್ಣ, ಸುಕೇಶ್, ವಿನೋದಿನಿ ಮೂವರೂ ಲೋಕಲ್ ಹತ್ತಿ ದಾದರಿಗೆ ಹೋದರು. ಅಲ್ಲಿ ದೇವಾನಂದ ವಕೀಲರ ಆಫೀಸು. ಊರಿನ ಕಡೆಯವರ ಬಾರು, ಹೋಟೆಲು, ಕ್ಲಬ್ಬುಗಳ ಮದ್ಯದ ಲೈಸನ್ಸು ಮಾಡಿಸುವುದು, ಉಳಿಸುವುದು, ರದ್ದಾದದ್ದನ್ನು ಎಬ್ಬಿಸುವುದು ಅವರ ಕೆಲಸ. ಗೋಡೆಯುದ್ದಕ್ಕೂ ಕೆಂಪು ದಾರ ಕಟ್ಟಿದ ಫೈಲುಗಳು. ವಕೀಲರು ಮೂವರಿಗೂ ಚಹಾ ತರಿಸಿ, ಪೂರ್ತಿ ಕೇಳಿಸಿಕೊಂಡರು. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ.

"ಅಡಿಗೆಯವನ ಹೆಸರಲ್ಲಿ ಲೈಸನ್ಸ್ ಇಟ್ಟವರೂ ಇಲ್ಲಿಗೆ ಬರ್ತಾರೆ ಧರ್ಮಣ್ಣ. ನಮ್ಮವರ ಬುದ್ಧಿ. ಅವರ ಮಗ ತೀರಿಕೊಂಡ ಅಂದ್ರಿ. ಮದುವೆ ಆಗಿರ್ಲಿಲ್ಲ. ಅಕ್ಕನಿಗೆ ಬೇರೆ ಮಕ್ಕಳು?"

"ಇಲ್ಲ. ಅವಳಿಗೆ ನಾವೇ."

"ನೀವಲ್ಲ." ವಕೀಲರು ಕನ್ನಡಕ ತೆಗೆದರು. "ನಾಳೆ ಅವರಿಗೆ ಹೆಚ್ಚುಕಮ್ಮಿ ಆದ್ರೆ, ಗಂಡ, ಮಕ್ಕಳು ಇಲ್ಲದ ಹೆಂಗಸಿನ ವಾರಸುದಾರರು ಗಂಡನ ಕಡೆಯವರು. ಕಾನೂನು ಹಾಗುಂಟು. ಕಾರ್ಕಳದಲ್ಲಿ ಅವರ ಮೈದುನ ಇದ್ದಾರೆ ಅಂದ್ರಲ್ಲ, ಅವರೋ ಅವರ ಮಕ್ಕಳೋ ಇಲ್ಲಿ ಬಂದು ಕ್ಲೇಮ್ ಹಾಕ್ಬಹುದು."

"ಅಳಿಯಕಟ್ಟಿನಲ್ಲಿ ಗಂಡನ ಮನೆಯವರು ಎಲ್ಲಿಂದ ಬಂದ್ರು ಮಾರಾಯ್ರೆ?" ಧರ್ಮಣ್ಣನ ದನಿ ಏರಿತು. "ಮೂವತ್ತು ವರ್ಷದಿಂದ ಅವಳ ಮುಖ ನೋಡಿಲ್ಲ ಅವರು!"

"ಅಳಿಯಕಟ್ಟು ನಿಮ್ಮ ಮನಸ್ಸಿನಲ್ಲಿ. ಕಾಗದದಲ್ಲಿ ಇಲ್ಲ. ಅದನ್ನು ಕೋರ್ಟಿನಲ್ಲಿ ಸಾಬೀತು ಮಾಡ್ಲಿಕ್ಕೆ ವರ್ಷಗಟ್ಟಲೆ ಬೇಕು."

ಧರ್ಮಣ್ಣ ಕಪ್ಪನ್ನು ಕೆಳಗಿಟ್ಟ. ತಾಯಿಯ ಮಾತು ಮೀರದೆ, ಕುಟುಂಬದ ಸೊತ್ತು ಕುಟುಂಬದಲ್ಲೇ ಉಳಿಯಲಿ ಎಂದು ಮಾಡಿದ ಕೆಲಸ, ಕುಟುಂಬವನ್ನೇ ಬೀದಿಗೆ ಹಾಕಲು ಹೊರಟಿತ್ತು. ವಿನೋದಿನಿಗೆ ಅಯ್ಯೋ ಎನ್ನಿಸಿತು, ಒಳಗೊಳಗೆ ಸಂತೋಷವೂ ಆಯಿತು. ಅಂದು ನನ್ನನ್ನು ಒಂದು ಮಾತು ಕೇಳಿದ್ದರೆ, ಎಂದುಕೊಂಡಳು.

"ದಾರಿ ಇಲ್ವಾ ಸರ್?" ಸುಕೇಶ್ ಕೇಳಿದ.

"ಅವರು ಮನಸ್ಸಿನಿಂದ ಒಪ್ಪಿದ್ರೆ ಒಂದು ವಾರದ ಕೆಲಸ. ಒಪ್ಪುದಿಲ್ಲ ಅಂತೀರಿ." ವಕೀಲರು ತುಸು ಹೊತ್ತು ಪೆನ್ನು ತಿರುಗಿಸಿದರು. "ಮಗ ಸತ್ತ ಮೇಲೆ ಹೇಗಿದ್ದಾರೆ? ಮರೆವು ಉಂಟಾ? ಒಬ್ಬರೇ ಮಾತಾಡ್ತಾರಾ? ಎಪ್ಪತ್ತು ದಾಟಿದವರು, ಅದರ ಮೇಲೆ ಶೋಕ. ಬುದ್ಧಿ ಸ್ಥಿಮಿತದಲ್ಲಿ ಇಲ್ಲ ಅಂತ ಮನೋರೋಗದ ಡಾಕ್ಟರು ಬರೆದುಕೊಟ್ರೆ, ಕೋರ್ಟಿಗೆ ಹೋಗಿ ಅವರಿಗೆ ಒಬ್ಬರು ಪೋಷಕರನ್ನು ನೇಮಿಸಿಕೊಳ್ಬಹುದು. ಅಷ್ಟರವರೆಗೆ ಆ ಸರ್ಟಿಫಿಕೇಟ್ ಇಟ್ಟು ನಾನು ಲೈಸನ್ಸ್ ರದ್ದಾಗದ ಹಾಗೆ ಹಿಡಿದುಕೊಳ್ತೇನೆ. ಆಮೇಲೆ ನಿಮ್ಮ ಹೆಸರಿಗೇ ಮಾಡಿಸುವ ಅಮ್ಮ," ಎಂದು ವಿನೋದಿನಿಯ ಕಡೆ ತಿರುಗಿದರು. "ಇಷ್ಟು ವರ್ಷ ಮನೆ ನಡೆಸಿದವರು ನೀವು."

ಕೆಳಗೆ ಹೂವಿನ ಮಾರ್ಕೆಟಿನ ಗದ್ದಲ ಕೇಳುತ್ತಿತ್ತು.

"ಸುಳ್ಳು ಹೇಳಿ ಅಂತ ನಾನು ಹೇಳುದಿಲ್ಲ," ಎಂದರು ವಕೀಲರು. "ಇದ್ದದ್ದನ್ನು ಡಾಕ್ಟರಿಗೆ ಹೇಳಿ. ಅಷ್ಟೇ."

ಸುದ್ದಿ ಕೇಳಿ ಮಗಳು ಶ್ರಾವ್ಯಾ ಮನೆಯನ್ನೇ ತಲೆಯ ಮೇಲೆ ಹೊತ್ತಳು. ಮಲಾಡಿನಲ್ಲೇ ಒಂದು ಆಫೀಸಿನಲ್ಲಿ ಕೆಲಸ ಅವಳಿಗೆ. ಅಕ್ಕು ದೇವಸ್ಥಾನಕ್ಕೆ ಹೋಗಿದ್ದ ಹೊತ್ತು.

"ಮಮ್ಮಿ, ಅತ್ತೆ ಏಕ್‌ದಮ್ ನಾರ್ಮಲ್ ಇದ್ದಾರೆ! ನನ್ನ ಬರ್ತ್‌ಡೇ ನಿಮಗೆ ಭೂಲ್ ಆಯ್ತು, ಅವರು ಪಾಯಸ ಮಾಡಿದ್ರು. ಪಾಗಲ್ ಅಂತ ಹೇಗೆ ಬರೀತೀರಾ? ಶರಮ್ ಇಲ್ವಾ?"

"ಧ್ವನಿ ಕೆಳಗೆ," ಎಂದ ಸುಕೇಶ್. "ನಿನ್ನ ಕಾಲೇಜ್ ಫೀಸು ಎಲ್ಲಿಂದ ಬಂತು?"

"ಅಂಗಾರ ಭಾವನ ಲಿವರ್‌ನಿಂದ ಬಂತು. ಖುಶ್?"

ಧರ್ಮಣ್ಣ ಮಗಳ ಕೆನ್ನೆಗೆ ಬಿಗಿದ. ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ. ಆಮೇಲೆ ತಾನೇ ಸೋಫಾದಲ್ಲಿ ಕುಸಿದು ಕೂತು ಆ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡ. ಶ್ರಾವ್ಯಾ ಬ್ಯಾಗು ತೆಗೆದುಕೊಂಡು ಗೆಳತಿಯ ರೂಮಿಗೆಂದು ಹೊರಟಳು. ಬಾಗಿಲಲ್ಲಿ ನಿಂತು ತಾಯಿಗೆ ಹೇಳಿದಳು: "ನೀನು ಬೇಡ ಅಂದ್ರೆ ಇದು ಆಗುದಿಲ್ಲ ಮಮ್ಮಿ. ಇವರಿಬ್ಬರಿಗೂ ಅತ್ತೆಯ ಎದುರು ನಿಲ್ಲುವ ತಾಕತ್ ಇಲ್ಲ."

ಮಗಳು ಹೇಳಿದ್ದು ನಿಜವೇ ಆಗಿತ್ತು. ಮಾರ್ಚ್ ಇಪ್ಪತ್ತರ ಹೊತ್ತಿಗೆ ಡಾಕ್ಟರ ಸಮಯ ಗೊತ್ತಾದಾಗ ಸುಕೇಶನಿಗೆ ಆ ದಿನ ಮಾಲು ಬರುವುದಿತ್ತು. ಧರ್ಮಣ್ಣ ಹಾಸಿಗೆಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ.

"ನಿಮ್ಮ ಅಕ್ಕ. ನೀವು ಕರ್ಕೊಂಡು ಹೋಗಿ," ಎಂದಳು ವಿನೋದಿನಿ.

"ನನಗೆ ಬಾಯಿ ಬರುದಿಲ್ಲ. ಅವಳು ನನ್ನನ್ನು ಎತ್ತಿ ಆಡಿಸಿದವಳು."

"ನನ್ನ ಎರಡು ಬಾಣಂತನ ಮಾಡಿದ್ದೂ ಅವಳೇ. ಸುಕೇಶ ಹುಟ್ಟಿದಾಗ ನಲವತ್ತು ದಿನ ನನ್ನನ್ನು ಕೂತಲ್ಲಿಂದ ಏಳ್ಲಿಕ್ಕೆ ಬಿಡ್ಲಿಲ್ಲ."

"ಹಾಗಾದ್ರೆ ಬಿಡು. ಬೇಡ. ಮುಚ್ಚುವ." ಅವನು ತಿರುಗಲಿಲ್ಲ. "ಕಾರ್ಕಳದವರು ಬಂದು ತಿನ್ಲಿ. ನಿನ್ನ ಹೆಸರಲ್ಲಿ ಮೊದಲೂ ಎಂತ ಇರ್ಲಿಲ್ಲ, ಇನ್ನೂ ಎಂತ ಬೇಡ."

ವಿನೋದಿನಿ ಅಡುಗೆಮನೆಗೆ ಹೋದಳು. ಸಿಂಕಿನಲ್ಲಿದ್ದ ಪಾತ್ರೆಗಳನ್ನೆಲ್ಲ ತೊಳೆದಳು. ತೊಳೆದು ಒರೆಸಿಟ್ಟ ಒಂದು ಪಾತ್ರೆಯನ್ನು ಮತ್ತೊಮ್ಮೆ ತೊಳೆದಳು. ಐವತ್ತೆಂಟು ವರ್ಷ ಅವಳಿಗೆ. ಈ ಮನೆಯಲ್ಲಿ ಅವಳ ಹೆಸರಿದ್ದದ್ದು ರೇಶನ್ ಕಾರ್ಡಿನಲ್ಲಿ ಮಾತ್ರ. ಮುಂದಿನ ವರ್ಷ ಆ ಗಾಜಿನ ಚೌಕಟ್ಟಿನಲ್ಲಿ ತನ್ನ ಹೆಸರು ಇರುತ್ತದೆ ಎಂಬ ಆಸೆ ಬಂದಾಗ ಅವಳಿಗೆ ನಾಚಿಕೆಯಾಯಿತು. ನಾಚಿಕೆಯಾದರೂ ಆಸೆ ಹೋಗಲಿಲ್ಲ.

ಕಣ್ಣು ತೋರಿಸಿಕೊಂಡು ಬರುವ ಎಂದು ಹೇಳಿ ಶುಕ್ರವಾರ ಬೆಳಗ್ಗೆ ಅಕ್ಕುವನ್ನು ಹೊರಡಿಸಿದಳು. ಅಕ್ಕುವಿಗೆ ಪೊರೆ ಬರತೊಡಗಿತ್ತು, ಮಾತು ಪೂರ್ತಿ ಸುಳ್ಳೂ ಆಗಿರಲಿಲ್ಲ. ರಿಕ್ಷಾದಲ್ಲಿ ಅಕ್ಕು ವಿನೋದಿನಿಯ ಕೈ ಹಿಡಿದುಕೊಂಡಳು. "ಶ್ರಾವ್ಯ ಯಾವಾಗ ಬರ್ತಾಳೆ? ಮಗುವಿಗೆ ಹೊರಗಿನ ಊಟ ಆಗುದಿಲ್ಲ. ಧರ್ಮನಿಗೆ ಹೇಳು, ನನ್ನ ಮೇಲಿನ ಕೋಪ ಅವಳ ಮೇಲೆ ತೀರಿಸುದು ಬೇಡ."

"ಹೇಳ್ತೇನೆ ಅತ್ತಿಗೆ."

ಎರಡನೆಯ ಮಾಳಿಗೆಯಲ್ಲಿ ತಣ್ಣನೆಯ, ಚೊಕ್ಕಟವಾದ ಕ್ಲಿನಿಕ್ಕು. ಡಾಕ್ಟರು ಮಧ್ಯವಯಸ್ಸಿನ ಮರಾಠಿ ಹೆಂಗಸು, ಮೆಲುದನಿ. ಅಕ್ಕುವನ್ನು ಕೂರಿಸಿ, ನೀರು ಕೊಟ್ಟು, ಹಿಂದಿ ಬರುತ್ತದೆಯೇ ಎಂದು ಕೇಳಿದರು. ಅಕ್ಕು ವಿನೋದಿನಿಯ ಕಡೆ ನೋಡಿದಳು. "ಇಲ್ಲ, ತುಳು, ಕನ್ನಡ ಮಾತ್ರ, ನಾನು ಹೇಳುತ್ತೇನೆ," ಎಂದಳು ವಿನೋದಿನಿ ಹಿಂದಿಯಲ್ಲಿ. ಡಾಕ್ಟರು ತಲೆಯಾಡಿಸಿ ಕಾಗದ ಎಳೆದುಕೊಂಡರು.

"ಮಾ ಜೀ, ಆಜ್ ಕೌನ್ ಸಾ ದಿನ್ ಹೈ?"

"ಇವತ್ತು ಯಾವ ದಿನ ಅಂತ ಕೇಳ್ತಾರೆ ಅತ್ತಿಗೆ."

"ಕಣ್ಣಿಗೂ ದಿನಕ್ಕೂ ಎಂತ ಸಂಬಂಧ?" ಅಕ್ಕು ನಕ್ಕಳು. "ಶುಕ್ರವಾರ. ಏಕಾದಶಿ. ನಾನು ಇವತ್ತು ಊಟ ಮಾಡುದಿಲ್ಲ, ಹೇಳು ಅವರಿಗೆ. ಖಾಲಿ ಹೊಟ್ಟೆಗೆ ಮದ್ದು ಹಾಕಿದ್ರೆ ತಲೆ ತಿರುಗ್ತದೆ."

ಸುಳ್ಳು ಹೇಳುತ್ತೇನೆಂದು ವಿನೋದಿನಿ ಮನೆಯಿಂದ ಹೊರಟಿರಲಿಲ್ಲ. ಮರೆವು, ನಿದ್ದೆ ಇಲ್ಲ, ಮೀನು ಬಿಟ್ಟಿದ್ದಾಳೆ ಎಂದು ಏನೋ ನಾಲ್ಕು ಮಾತು ಹೇಳುವುದು, ಉಳಿದದ್ದು ಡಾಕ್ಟರ ಪಾಪ ಎಂದುಕೊಂಡಿದ್ದಳು.

"ದಿನ ಗೊತ್ತಿಲ್ಲವಂತೆ," ಎಂದಳು ಹಿಂದಿಯಲ್ಲಿ. "ಮನೆಯಲ್ಲಿ ಊಟ ಕೊಡುವುದಿಲ್ಲ ಎನ್ನುತ್ತಿದ್ದಾರೆ."

ಡಾಕ್ಟರು ಬರೆದುಕೊಂಡರು. ಎಷ್ಟು ಸಲೀಸಾಗಿ ಆಗಿಹೋಯಿತು ಎಂದು ವಿನೋದಿನಿಗೆ ದಿಗಿಲಾಯಿತು. ಅಕ್ಕುವಿನ ಮುಖದಲ್ಲಿದ್ದ ನಗು ಮಾತ್ರ ಹೋಗಿತ್ತು.

"ಬಚ್ಚೆ ಕಿತ್ನೆ ಹೈ?"

"ಮಕ್ಕಳು ಎಷ್ಟು ಅಂತ," ಎಂದಳು ವಿನೋದಿನಿ.

ಅಕ್ಕು ಈ ಸಲ ಡಾಕ್ಟರನ್ನು ನೋಡಿ ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಹೇಳಿದಳು. "ಒಬ್ಬ. ಅಂಗಾರ ಅಂತ. ತೀರಿಹೋದ. ನವರಾತ್ರಿ ಮುಗಿದು ಐದನೇ ದಿನ, ಬೆಳಗ್ಗೆ ನಾಲ್ಕು ಗಂಟೆಗೆ. ನಾನು ಹತ್ತಿರ ಇದ್ದೆ."

ಡಾಕ್ಟರು ಪೆನ್ನು ಹಿಡಿದು ಕಾದರು. ಇಲ್ಲಿಗೆ ಎದ್ದುಬಿಡಬಹುದಿತ್ತು. ಕಣ್ಣಿನ ಡಾಕ್ಟರಲ್ಲಿಗೆ ಹೋಗುವ ಬನ್ನಿ ಅತ್ತಿಗೆ ಎಂದು ಕೈ ಹಿಡಿದು ಹೊರಟುಬಿಡಬಹುದಿತ್ತು. ವಿನೋದಿನಿಗೆ ಗೋಡೆಗೆ ತಿರುಗಿ ಮಲಗಿದ ಗಂಡನ ಬೆನ್ನು ಕಂಡಿತು, ಕಾರ್ಕಳದ ಯಾವುದೋ ಗುರುತಿಲ್ಲದ ಗಂಡಸು ಕೌಂಟರಿನಲ್ಲಿ ಕೂತದ್ದು ಕಂಡಿತು.

"ಒಬ್ಬ ಮಗ ಇದ್ದಾನಂತೆ," ಎಂದಳು. "ಬಾರಿನಲ್ಲಿ ಕೌಂಟರಿನಲ್ಲಿದ್ದಾನಂತೆ. ಮಧ್ಯಾಹ್ನ ಊಟಕ್ಕೆ ಬರುತ್ತಾನೆ, ಬೇಗ ಮನೆಗೆ ಹೋಗಬೇಕು ಎನ್ನುತ್ತಿದ್ದಾರೆ." ಆಮೇಲೆ ಸೇರಿಸಿದಳು. "ಅವನು ಸತ್ತು ಆರು ತಿಂಗಳಾಗುತ್ತ ಬಂತು ಡಾಕ್ಟರ್."

ಡಾಕ್ಟರ ಮುಖ ಮರುಕದಿಂದ ಮೆತ್ತಗಾಯಿತು. ಅವರು ತಲೆ ತಗ್ಗಿಸಿ ಉದ್ದಕ್ಕೆ ಬರೆಯತೊಡಗಿದರು.

ಅಕ್ಕು ವಿನೋದಿನಿಯ ಕಡೆ ತಿರುಗಿ ನೋಡಿದಳು. ಸಿಟ್ಟಿರಲಿಲ್ಲ, ಬೈಯಲಿಲ್ಲ. ಆಗ ವಿನೋದಿನಿಗೆ ಹೊಳೆಯಿತು. ಮೂವತ್ತೈದು ವರ್ಷ ಮಲಾಡಿನ ಮಾರ್ಕೆಟಿನಲ್ಲಿ ಹಿಂದಿ ಆಡುವ ಭಯ್ಯಾಗಳ ಹತ್ತಿರ ತರಕಾರಿ ಕೊಂಡವಳು, ಶ್ರಾವ್ಯಾಳ ಜೊತೆ ದಿನವೂ ಸಂಜೆ ಹಿಂದಿ ಸೀರಿಯಲ್ ನೋಡಿ ಕಣ್ಣೊರೆಸಿಕೊಂಡವಳು ಇವಳು. ಆಡಲು ನಾಚಿಕೊಂಡು ಬಾಯಿ ಬಿಡುತ್ತಿರಲಿಲ್ಲ, ಅಷ್ಟೇ. ಕೇಳಿಸಿಕೊಂಡದ್ದರಲ್ಲಿ ಒಂದು ಮಾತೂ ಅವಳಿಗೆ ತಪ್ಪಿರಲಿಲ್ಲ.

ಡಾಕ್ಟರು ತಲೆಯೆತ್ತಿದರು. ನೀವು ಈಗ ಎಲ್ಲಿದ್ದೀರಿ, ಇದು ಯಾವ ಊರು ಎಂದು ಕೇಳಿದರು. ವಿನೋದಿನಿ ಬಾಯಿ ತೆರೆಯುವ ಮೊದಲೇ ಅಕ್ಕು ಉತ್ತರಿಸಿದಳು. ಮನೆಯವರು ಯಾರೂ ಇದುವರೆಗೆ ಕೇಳದ ಹಿಂದಿಯಲ್ಲಿ.

"ನೈ ಮಾಲೂಮ್."

ಗೊತ್ತಿಲ್ಲ ಎಂದು. ನಿಮ್ಮ ವಯಸ್ಸೆಷ್ಟು ಮಾ ಜೀ, ಎಂದರು ಡಾಕ್ಟರು.

"ನೈ ಮಾಲೂಮ್."

ನೂರರಲ್ಲಿ ಏಳು ಕಳೆದರೆ?

"ನೈ ಮಾಲೂಮ್."

"ಅತ್ತಿಗೆ," ಎಂದಳು ವಿನೋದಿನಿ ತುಳುವಿನಲ್ಲಿ, ಪಿಸುಗುಟ್ಟಿದಂತೆ. "ಅತ್ತಿಗೆ, ಹೇಳಿ. ನಿಮಗೆ ಗೊತ್ತುಂಟಲ್ಲ. ಸರಿಯಾಗಿ ಹೇಳಿ." ಅವಳಿಗೆ ಅಳು ಬಂದಿತ್ತು. ಡಾಕ್ಟರು ಟಿಶ್ಯೂ ಡಬ್ಬವನ್ನು ಅವಳ ಕಡೆ ಸರಿಸಿ, ಮನೆಯವರಿಗೆ ಇದು ಬಹಳ ಕಷ್ಟ, ನನಗೆ ಗೊತ್ತು ಎಂದರು. ಆಮೇಲೆ ಪೆನ್ನಿನ ತುದಿಯಿಂದ ವಿನೋದಿನಿಯನ್ನು ತೋರಿಸಿದರು.

"ಮಾ ಜೀ, ಇನ್ನು ಒಂದೇ ಪ್ರಶ್ನೆ. ಇವರು ಯಾರು? ನಿಮಗೆ ಏನಾಗಬೇಕು?"

ಅಕ್ಕು ನೋಡಿದಳು. ಕೂದಲಿನಿಂದ ಕಾಲಿನವರೆಗೆ, ಅವಸರವಿಲ್ಲದೆ, ಬಸ್ ಸ್ಟಾಪಿನಲ್ಲಿ ಪಕ್ಕಕ್ಕೆ ಬಂದು ನಿಂತ ಹೆಂಗಸನ್ನು ನೋಡುವ ಹಾಗೆ ನೋಡಿದಳು.

"ನೈ ಮಾಲೂಮ್," ಎಂದಳು.

ಡಾಕ್ಟರು ಅದನ್ನೂ ಬರೆದುಕೊಂಡು, ಕೆಳಗೆ ತಾರೀಕು ಹಾಕಿ, ಸಾಕ್ಷಿ ಸಹಿ ಮಾಡಲು ಕಾಗದವನ್ನು ವಿನೋದಿನಿಯ ಕಡೆ ತಿರುಗಿಸಿದರು.